ದೇಶವಿದೇಶಗಳ ಅಂಚೆಚೀಟಿ: ಬಳಕೆ ಮತ್ತು ಸಂಗ್ರಹದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ ಹಳೆಯ ಪತ್ರಗಳ ಒಂದು ಕಟ್ಟಾದರೂ ಇಲ್ಲದ ಮನೆ ಕಡಿಮೆ. ಹಿಂದಿನವರು ಕೊಲಂಬೊ, ರಂಗೂನ್, ಮುಂಬಯಿಗಳಿಗೆ ದುಡಿಯಲು ಹೋದರು. ಅವರ ಮಕ್ಕಳು ಮೊಮ್ಮಕ್ಕಳು ಕೊಲ್ಲಿ ದೇಶಗಳಿಗೆ ಹೋದರು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನನ್ನ ಸಂಗ್ರಹವನ್ನು ತೋರಿಸುವಾಗ ಮಕ್ಕಳೂ ಅವರ ಹೆತ್ತವರೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದ್ದೇನೆ.

ಸಂಗ್ರಹವನ್ನು ಎಲ್ಲಿಂದ ಆರಂಭಿಸಬೇಕು? ಪೇಟೆಯಿಂದ ಚೀಟಿಗಳ ಪೊಟ್ಟಣ ತಂದರೆ ಸಾಲದೇ?

ನೂರು ದೇಶಗಳ ನೂರು ಚೀಟಿ ಎಂದು ಮಾರುವ ಪೊಟ್ಟಣಗಳಿಂದ ಮಕ್ಕಳಿಗೆ ಸಂತೋಷವಾಗುವುದು ನಿಜ, ಅದನ್ನು ಬೇಡವೆನ್ನುವುದಿಲ್ಲ. ಆದರೆ ಮೊದಲು ಹುಡುಕಬೇಕಾದದ್ದು ಸ್ವಂತ ಮನೆಯಲ್ಲಿ. ಅಜ್ಜನ ತಗಡಿನ ಪೆಟ್ಟಿಗೆ, ದೊಡ್ಡಮ್ಮನ ಕಪಾಟಿನ ಕೆಳಗಿನ ಖಾನೆ, ಜಾಗದ ಪತ್ರಗಳನ್ನು ಸುತ್ತಿಟ್ಟ ಬಟ್ಟೆಯ ಗಂಟು, ಇಂಥ ಕಡೆ ಸಿಗುವ ಒಂದು ಲಕೋಟೆಯಲ್ಲಿ ಚೀಟಿಯ ಜೊತೆಗೆ ಕಳುಹಿಸಿದವರ ಊರು, ತಾರೀಕು, ದಾರಿಯಲ್ಲಿ ಬಿದ್ದ ಠಸ್ಸೆಗಳು, ತಲುಪಿದ ಅಂಚೆ ಕಚೇರಿಯ ಹೆಸರು ಎಲ್ಲವೂ ಇರುತ್ತವೆ. ಪೊಟ್ಟಣದ ಚೀಟಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಾರರು; ಮನೆಯ ಲಕೋಟೆಯ ದಾರಿಯನ್ನು ನೀವೇ ಓದಬಹುದು.

ಬಂಧುಗಳು ವಿದೇಶದಿಂದ ತಂದ ಬಳಸದ ಅಂಚೆಚೀಟಿಗಳಿವೆ. ಅವನ್ನು ಇಲ್ಲಿಂದ ಕಳುಹಿಸುವ ಪತ್ರಕ್ಕೆ ಅಂಟಿಸಬಹುದೇ?

ಅಂಟಿಸುವಂತಿಲ್ಲ. ಅಂಚೆಚೀಟಿಯೆಂದರೆ ಪತ್ರ ಸಾಗಿಸುವ ಕೆಲಸಕ್ಕೆ ಮುಂಗಡವಾಗಿ ಕೊಟ್ಟ ಹಣದ ರಸೀದಿ. ಆ ಹಣವನ್ನು ಪಡೆದದ್ದು ಚೀಟಿಯನ್ನು ಹೊರಡಿಸಿದ ದೇಶದ ಅಂಚೆ ಇಲಾಖೆಯಾದ್ದರಿಂದ, ಪತ್ರವನ್ನು ಆ ದೇಶದ ಅಂಚೆಗೇ ಹಾಕಿದರೆ ಮಾತ್ರ ಅದು ಸಲ್ಲುತ್ತದೆ. ಕತಾರಿನ ಚೀಟಿಯನ್ನು ಕುಂಬಳೆಯ ಅಂಚೆ ಪೆಟ್ಟಿಗೆಗೆ ಹಾಕುವ ಪತ್ರಕ್ಕೆ ಅಂಟಿಸಿದರೆ ಅದು ಚೀಟಿಯಿಲ್ಲದ ಪತ್ರವೆಂದೇ ಎಣಿಕೆಯಾಗುತ್ತದೆ.

ಹಾಗಿದ್ದರೆ ಕತಾರಿನಲ್ಲಿ ಅಂಟಿಸಿದ ಚೀಟಿಗೆ ಕುಂಬಳೆಯ ಅಂಚೆಯವರು ಪತ್ರವನ್ನು ಮನೆಗೆ ತಂದುಕೊಡುವುದೇಕೆ ಎಂಬ ಮರುಪ್ರಶ್ನೆಯನ್ನು ಒಬ್ಬ ಹುಡುಗಿ ಕೇಳಿದ್ದಳು. ಅದು ಬಹಳ ಒಳ್ಳೆಯ ಪ್ರಶ್ನೆ. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದ ಒಪ್ಪಂದದಿಂದ, ಇಂದು ವಿಶ್ವ ಅಂಚೆ ಒಕ್ಕೂಟವೆಂದು ಕರೆಯುವ ಸಂಸ್ಥೆ ಹುಟ್ಟಿತು. ಭಾರತ ಅದನ್ನು 1876ರಲ್ಲಿ ಸೇರಿತು. ಅದಕ್ಕೆ ಮೊದಲು ದೇಶದೇಶಗಳು ಬೇರೆ ಬೇರೆ ಕರಾರು ಮಾಡಿಕೊಂಡು, ಪತ್ರ ಹಾದುಹೋಗುವ ಒಂದೊಂದು ದೇಶಕ್ಕೂ ಪಾಲು ಲೆಕ್ಕ ಹಾಕಬೇಕಾಗಿತ್ತು. ಒಕ್ಕೂಟ ಬಂದ ಮೇಲೆ ಸದಸ್ಯ ದೇಶಗಳೆಲ್ಲ ಸೇರಿ ಒಂದೇ ಅಂಚೆ ಪ್ರದೇಶವಾಗಿ, ಕಳುಹಿಸುವ ದೇಶದ ಚೀಟಿಯೊಂದಿದ್ದರೆ ಪತ್ರ ಕೊನೆಯ ಮನೆಯವರೆಗೂ ಹೋಗುವಂತಾಯಿತು. ಅಕ್ಟೋಬರ್ 9ನ್ನು ವಿಶ್ವ ಅಂಚೆ ದಿನವಾಗಿ ಆಚರಿಸುವುದು ಈ ಕಾರಣಕ್ಕಾಗಿ.

ಇಲ್ಲಿ ವಿಶೇಷವಾದ ಒಂದು ಉದಾಹರಣೆಯಿದೆ. ವಿಶ್ವಸಂಸ್ಥೆ ಒಂದು ದೇಶವಲ್ಲದಿದ್ದರೂ 1951ರಿಂದ ತನ್ನದೇ ಅಂಚೆಚೀಟಿಗಳನ್ನು ಹೊರಡಿಸುತ್ತಿದೆ. ನ್ಯೂಯಾರ್ಕ್, ಜಿನೀವಾ, ವಿಯೆನ್ನಾಗಳಲ್ಲಿರುವ ವಿಶ್ವಸಂಸ್ಥೆಯ ಕಚೇರಿಗಳಲ್ಲಿ ಅಂಚೆಗೆ ಹಾಕಿದ ಪತ್ರಗಳಿಗೆ ಮಾತ್ರ ಅವು ಸಲ್ಲುತ್ತವೆ.

ಠಸ್ಸೆ ಬೀಳದೆ ಬಂದ ಚೀಟಿಯನ್ನು ಬಿಡಿಸಿ ಮತ್ತೆ ಉಪಯೋಗಿಸಬಹುದೇ?

ಕೂಡದು. ಒಮ್ಮೆ ಕೆಲಸ ಮಾಡಿದ ಚೀಟಿಯನ್ನು ತಿಳಿದೂ ಮತ್ತೆ ಅಂಟಿಸುವುದು, ಅದರ ಮೇಲಿನ ಠಸ್ಸೆಯನ್ನು ಅಳಿಸುವುದು, ಎರಡೂ ಕಾನೂನಿನ ಪ್ರಕಾರ ಅಪರಾಧ. ಅಂಥ ಲಕೋಟೆಯನ್ನು ಹಾಗೆಯೇ ಸಂಗ್ರಹದಲ್ಲಿ ಇಟ್ಟುಕೊಳ್ಳಿ.

ಚೀಟಿಯ ಮೇಲೆ ಯಾವ ದೇಶವೆಂದೇ ತಿಳಿಯುವುದಿಲ್ಲ. ಗುರುತಿಸುವುದು ಹೇಗೆ?

ದೇಶದ ಹೆಸರೇ ಇಲ್ಲದೆ ರಾಣಿಯ ಅಥವಾ ರಾಜನ ತಲೆ ಮಾತ್ರ ಇದ್ದರೆ ಅದು ಬ್ರಿಟನ್ನಿನದು. ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿಯಾದ ಪೆನ್ನಿ ಬ್ಲ್ಯಾಕ್ 1840ರ ಮೇ ತಿಂಗಳಿನಲ್ಲಿ ಅಲ್ಲಿ ಬಳಕೆಗೆ ಬಂದಾಗ ಬೇರೆ ದೇಶಗಳಲ್ಲಿ ಅಂಥ ಚೀಟಿಗಳೇ ಇರಲಿಲ್ಲವಾದ್ದರಿಂದ ಹೆಸರಿನ ಅಗತ್ಯವೂ ಇರಲಿಲ್ಲ. ಆ ರೂಢಿಯನ್ನು ಅವರು ಇಂದಿಗೂ ಬಿಟ್ಟಿಲ್ಲ. ಉಳಿದ ದೇಶಗಳಲ್ಲಿ ಹಲವು ತಮ್ಮ ಭಾಷೆಯ ಹೆಸರನ್ನೇ ಅಚ್ಚುಹಾಕುತ್ತವೆ. ಹೆಲ್ವೆಟಿಯಾ ಎಂದರೆ ಸ್ವಿಟ್ಜರ್ಲೆಂಡ್, ಸುವೋಮಿ ಎಂದರೆ ಫಿನ್ಲೆಂಡ್, ಮಗ್ಯಾರ್ ಎಂದು ಆರಂಭವಾದರೆ ಹಂಗೆರಿ, ಸ್ವೆರಿಯೆ ಸ್ವೀಡನ್, ಹೆಲ್ಲಾಸ್ ಗ್ರೀಸ್, ನಿಪ್ಪಾನ್ ಜಪಾನ್. 1966ರಿಂದ ದೇಶದ ಹೆಸರು ರೋಮನ್ ಲಿಪಿಯಲ್ಲಿಯೂ ಇರಬೇಕೆಂಬ ನಿಯಮ ಜಾರಿಯಲ್ಲಿರುವುದರಿಂದ ಅದರ ನಂತರದ ಚೀಟಿಗಳಲ್ಲಿ ಅಷ್ಟು ಕಷ್ಟವಾಗುವುದಿಲ್ಲ. ಅದಕ್ಕಿಂತ ಹಳೆಯ ಅರಬ್ಬಿ ಲಿಪಿಯ ಚೀಟಿಗಳಿಗೆ ನಮ್ಮಲ್ಲಿ ಸುಲಭವಾದ ದಾರಿಯೊಂದಿದೆ: ನೆರೆಮನೆಯಲ್ಲಿ ಮದ್ರಸಕ್ಕೆ ಹೋಗುವ ಮಕ್ಕಳಿಗೆ ತೋರಿಸಿದರೆ ಅವರು ಅಕ್ಷರ ಕೂಡಿಸಿ ಓದಿಕೊಡುತ್ತಾರೆ. ನನ್ನ ಸಂಗ್ರಹದ ಎಷ್ಟೋ ಚೀಟಿಗಳ ಹೆಸರು ನನಗೆ ತಿಳಿದದ್ದು ಹೀಗೆಯೇ.

ಇಂದು ಇಲ್ಲದ ದೇಶಗಳ ಹೆಸರೂ ಸಿಗುತ್ತದೆ. ಸಿಲೋನ್ 1972ರಲ್ಲಿ ಶ್ರೀಲಂಕಾ ಎಂದಾಯಿತು. ಜೆಕೊಸ್ಲೊವಾಕಿಯ, ಯುಗೊಸ್ಲಾವಿಯ, ಪೂರ್ವ ಜರ್ಮನಿ, ಸೋವಿಯತ್ ಒಕ್ಕೂಟಗಳು ಆಲ್ಬಮ್ಮಿನಲ್ಲಿ ಮಾತ್ರ ಉಳಿದಿವೆ.

ನಮ್ಮ ಮನೆಯಲ್ಲಿ ಹಳೆಯ ದುಬೈ, ಶಾರ್ಜಾ, ಅಜ್ಮಾನ್ ಚೀಟಿಗಳಿವೆ. ಕೆಲವುಗಳ ಮೇಲೆ ನಯೇ ಪೈಸೆ, ರೂಪಾಯಿ ಎಂದಿದೆ. ಅದು ಹೇಗೆ?

ಕಾಸರಗೋಡಿನವರು ಈ ಪ್ರಶ್ನೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕಳೆಯಬೇಕೆಂಬುದು ನನ್ನ ಆಸೆ. ಕೊಲ್ಲಿಯ ಅಂಚೆ ವ್ಯವಸ್ಥೆ ಬೆಳೆದದ್ದು ಭಾರತದ ಅಂಚೆಯ ಕೊಂಬೆಯಾಗಿ. ದುಬೈಯಲ್ಲಿ 1909ರಲ್ಲಿ ತೆರೆದದ್ದು ಭಾರತೀಯ ಅಂಚೆ ಕಚೇರಿ; ಅಲ್ಲಿ ಅಂಟಿಸುತ್ತಿದ್ದುದು ನಮ್ಮಲ್ಲಿ ಅಂಟಿಸುತ್ತಿದ್ದ ಚೀಟಿಗಳನ್ನೇ. ಕುವೈತಿನಲ್ಲಿ 1923ರಿಂದ, ಬಹ್ರೈನಿನಲ್ಲಿ 1933ರಿಂದ ಭಾರತದ ಚೀಟಿಗಳ ಮೇಲೆ ಆ ಊರಿನ ಹೆಸರನ್ನು ಮೇಲಚ್ಚು ಹಾಕಿ ಮಾರುತ್ತಿದ್ದರು. 1947ರಲ್ಲಿ ದೇಶ ವಿಭಜನೆಯಾದಾಗ ದುಬೈಯ ಅಂಚೆ ಕೆಲವು ತಿಂಗಳು ಪಾಕಿಸ್ತಾನದ ಆಡಳಿತದಲ್ಲಿದ್ದು, 1948ರ ಏಪ್ರಿಲಿನಿಂದ ಬ್ರಿಟಿಷ್ ಅಂಚೆಯ ಕೈಗೆ ಹೋಯಿತು. ಬ್ರಿಟನ್ನಿನ ರಾಜನ ಚೀಟಿಗಳ ಮೇಲೆ ಆಣೆ, ರೂಪಾಯಿಗಳ ಮೇಲಚ್ಚು ಬಿತ್ತು. ಭಾರತದ ರೂಪಾಯಿ ಅಲ್ಲಿಯೂ ಚಲಾವಣೆಯಲ್ಲಿದ್ದುದೇ ಇದಕ್ಕೆ ಕಾರಣ. ನಮ್ಮಲ್ಲಿ 1957ರಲ್ಲಿ ದಶಮಾಂಶ ಪದ್ಧತಿ ಬಂದಾಗ ಅಲ್ಲಿಗೂ ನಯೇ ಪೈಸೆ ಹೋಯಿತು. ಇಂದಿನ ಯುಎಇ ಪ್ರದೇಶಕ್ಕೆ ಟ್ರೂಷಿಯಲ್ ಸ್ಟೇಟ್ಸ್ ಎಂಬ ಹೆಸರಿದ್ದ ಕಾಲದಲ್ಲಿ, 1961ರಲ್ಲಿ ಹೊರಟ ಚೀಟಿಗಳನ್ನು ನೋಡಿ: ಸಣ್ಣ ಬೆಲೆಯವುಗಳಲ್ಲಿ ಏಳು ಖರ್ಜೂರದ ಮರಗಳು, ದೊಡ್ಡ ಬೆಲೆಯವುಗಳಲ್ಲಿ ಹಾಯಿ ಬಿಚ್ಚಿದ ಹಡಗು, ಬೆಲೆ ನಯೇ ಪೈಸೆ ಮತ್ತು ರೂಪಾಯಿಗಳಲ್ಲಿ.

ಆಮೇಲಿನ ಕಥೆ ಬೇರೆ. 1963ರಲ್ಲಿ ದುಬೈ ಮತ್ತು ಶಾರ್ಜಾ, 1964ರಲ್ಲಿ ಅಜ್ಮಾನ್, ಫುಜೈರಾ ಮೊದಲಾದ ಸಂಸ್ಥಾನಗಳು ಸ್ವಂತ ಚೀಟಿ ಆರಂಭಿಸಿದವು. ಕೆಲವು ಸಂಸ್ಥಾನಗಳು ಹೊರಗಿನ ವರ್ತಕರೊಡನೆ ಕರಾರು ಮಾಡಿಕೊಂಡದ್ದರಿಂದ, ಅಲ್ಲಿನ ಜನಸಂಖ್ಯೆಗೂ ಪತ್ರವ್ಯವಹಾರಕ್ಕೂ ಹೊಂದದಷ್ಟು ಸಂಖ್ಯೆಯಲ್ಲಿ ಚಂದ್ರಯಾನ, ಒಲಿಂಪಿಕ್ಸ್, ಐರೋಪ್ಯ ವರ್ಣಚಿತ್ರಗಳ ಬಣ್ಣಬಣ್ಣದ ಚೀಟಿಗಳು ಅಚ್ಚಾಗಿ ಸಂಗ್ರಾಹಕರ ಪೊಟ್ಟಣಗಳಿಗೆ ನೇರವಾಗಿ ಹೋದವು. ಮನಾಮ ಎಂಬ ಹೆಸರಿದ್ದರೆ ಬಹ್ರೈನಿನ ರಾಜಧಾನಿಯೆಂದು ತಿಳಿಯಬೇಡಿ. ಅಜ್ಮಾನಿಗೆ ಸೇರಿದ ಅದೇ ಹೆಸರಿನ ಸಣ್ಣ ಊರಿನ ಹೆಸರಿನಲ್ಲಿ ಹೊರಟ ಚೀಟಿಗಳು ಅವು. ಈ ಸಂಸ್ಥಾನಗಳ ಒಕ್ಕೂಟವಾದ ಯುಎಇ 1971ರ ಡಿಸೆಂಬರಿನಲ್ಲಿ ರಚನೆಯಾಗಿ, 1973ರ ಜನವರಿಯಲ್ಲಿ ಯುಎಇ ಚೀಟಿಗಳು ಬಂದ ಮೇಲೆ ಈ ಭರಾಟೆ ನಿಂತಿತು. ಇಂಥ ಬಿಡಿ ಚೀಟಿಗಳಿಗೆ ಬೆಲೆ ಅತ್ಯಲ್ಪ. ಆದರೆ ಅದೇ ಕಾಲದಲ್ಲಿ ದುಬೈಯಿಂದ ಉಪ್ಪಳಕ್ಕೋ ಮೊಗ್ರಾಲಿಗೋ ನಿಜವಾಗಿ ಬಂದ ಪತ್ರವೊಂದು ಲಕೋಟೆಸಹಿತ ಉಳಿದಿದ್ದರೆ ಅದನ್ನು ಬಹಳ ಜೋಪಾನ ಮಾಡಬೇಕು.

ಚೀಟಿಯನ್ನು ಲಕೋಟೆಯಿಂದ ಬಿಡಿಸಬೇಕೇ, ಬೇಡವೇ?

ಹಳೆಯ ಲಕೋಟೆಯಾದರೆ ಬೇಡ. ಇದನ್ನು ಇಷ್ಟು ಖಂಡಿತವಾಗಿ ಹೇಳಲು ನನ್ನದೇ ಅನುಭವ ಕಾರಣ. ನನ್ನ ಅಜ್ಜನ ತಮ್ಮ ರಂಗೂನಿನಲ್ಲಿ ಕೆಲಸದಲ್ಲಿದ್ದರು. ಅವರು ಮನೆಗೆ ಬರೆದ ಪತ್ರಗಳ ಕಟ್ಟು ಅಟ್ಟದ ಮೇಲಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ನಾನು ಅದನ್ನು ಇಳಿಸಿ, ಕತ್ತರಿಯಿಂದ ಪ್ರತಿ ಲಕೋಟೆಯ ಮೂಲೆಯನ್ನು ಚೀಟಿಯ ಅಂಚಿಗೆ ಸರಿಯಾಗಿ ಕತ್ತರಿಸಿ, ಉಳಿದ ಕಾಗದವನ್ನು ಬಚ್ಚಲ ಒಲೆಗೆ ಹಾಕಿದೆ. ಚೀಟಿಗಳೆಲ್ಲ ಭಾರತದವೇ ಆಗಿದ್ದವು, ಐದನೆಯ ಜಾರ್ಜ್ ದೊರೆಯ ತಲೆಯ ಒಂದಾಣೆಯ ಸಾಮಾನ್ಯ ಚೀಟಿಗಳು. ಬರ್ಮಾ 1937ರ ಏಪ್ರಿಲ್ 1ರಂದು ಭಾರತದಿಂದ ಬೇರೆಯಾಗುವವರೆಗೆ ಅಲ್ಲಿ ಭಾರತದ ಚೀಟಿಗಳೇ ನಡೆಯುತ್ತಿದ್ದವೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ. ರಂಗೂನೆಂದು ಹೇಳುತ್ತಿದ್ದುದು ಚೀಟಿಯಲ್ಲ, ಠಸ್ಸೆ. ಇಂದು ನನ್ನಲ್ಲಿರುವುದು ಒಂದು ಚೀಟಿಯ ಮೇಲೆ ಉಳಿದ ಠಸ್ಸೆಯ ಬಳೆಚೂರಿನಷ್ಟು ಅಂಚು, ಅದರೊಳಗೆ ಊರಿನ ಹೆಸರಿನ ಕೊನೆಯ ಎರಡು ಅಕ್ಷರಗಳು, ತಾರೀಕಿಲ್ಲ. ಅಜ್ಜನ ತಮ್ಮನ ಕೈಬರಹವೂ ಅದರ ಜೊತೆಗೇ ಹೋಯಿತು.

ಏಡನ್ನಿಗೂ ಇದೇ ಮಾತು ಅನ್ವಯಿಸುತ್ತದೆ. 1937ರವರೆಗೆ ಅಲ್ಲಿಯೂ ಭಾರತದ ಚೀಟಿಗಳಿದ್ದವು. ಆದ್ದರಿಂದ ಮನೆಯಲ್ಲಿ ಭಾರತದ ಸಾಮಾನ್ಯ ಚೀಟಿಯ ಹಳೆಯ ಲಕೋಟೆ ಸಿಕ್ಕಿದರೂ ಮೊದಲು ಠಸ್ಸೆಯನ್ನು ಭೂತಗನ್ನಡಿಯಲ್ಲಿ ಓದಿ. ಹಿಂಬದಿಯನ್ನೂ ನೋಡಿ, ತಲುಪಿದ ಊರಿನ ಠಸ್ಸೆ ಹೆಚ್ಚಾಗಿ ಅಲ್ಲಿರುತ್ತದೆ.

ಹೊಸ ಪತ್ರಗಳ ಸಾಮಾನ್ಯ ಚೀಟಿಗಳನ್ನು ಬಿಡಿಸುವ ಸರಿಯಾದ ಕ್ರಮ ಯಾವುದು?

ಚೀಟಿಯ ಸುತ್ತ ಒಂದು ಬೆರಳಿನಷ್ಟು ಕಾಗದ ಉಳಿಯುವಂತೆ ಲಕೋಟೆಯನ್ನು ಕತ್ತರಿಸಿ, ಅಗಲವಾದ ತಟ್ಟೆಯಲ್ಲಿ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಹಾಕಿ, ಚಿತ್ರ ಮೇಲಾಗಿ ತೇಲಬಿಡಬೇಕು. ಕೆಂಪು, ಹಸಿರು ಬಣ್ಣದ ಲಕೋಟೆಯ ತುಂಡುಗಳಿದ್ದರೆ ಅವು ಬಣ್ಣ ಬಿಡುವುದರಿಂದ ಬೇರೆ ತಟ್ಟೆ ಬೇಕು. ಕಾಲು ಗಂಟೆಯಲ್ಲಿ ಚೀಟಿ ತಾನಾಗಿ ಕಾಗದದಿಂದ ಜಾರುತ್ತದೆ. ಜಾರದಿದ್ದರೆ ಇನ್ನಷ್ಟು ಕಾಯಿರಿ. ಎಳೆದರೆ ತೆಳುವಾಗಿ ಸೀಳುತ್ತದೆ, ಸೀಳಿದ ಚೀಟಿಗೆ ಬೆಲೆಯಿಲ್ಲ. ಹಿಂಬದಿಯ ಅಂಟು ಪೂರ್ತಿ ಹೋಗುವಂತೆ ಬೇರೆ ನೀರಿನಲ್ಲಿ ಇನ್ನೊಮ್ಮೆ ಅದ್ದಿ, ಬಿಳಿ ಕಾಗದದ ಮೇಲೆ ಚಿತ್ರ ಕೆಳಗಾಗಿ ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಪಸೆ ಇರುವಾಗಲೇ ದಪ್ಪ ನಿಘಂಟಿನೊಳಗೆ ಒಂದು ರಾತ್ರಿ ಇಟ್ಟರೆ ಮುದುರಿದ್ದು ನೇರವಾಗುತ್ತದೆ. ವೃತ್ತಪತ್ರಿಕೆಯ ಮೇಲೆ ಒಣಗಿಸಬೇಡಿ, ಅದರ ಮಸಿ ಹತ್ತುತ್ತದೆ.

ಈಚೆಗೆ ಅಮೆರಿಕ ಮೊದಲಾದ ದೇಶಗಳಿಂದ ಬರುವ ಸ್ಟಿಕರ್ ಮಾದರಿಯ ಚೀಟಿಗಳಲ್ಲಿ ಅನೇಕವು ನೀರಿಗೆ ಬಿಡುವುದಿಲ್ಲ. ಅವನ್ನು ಸುತ್ತಲಿನ ಕಾಗದದೊಡನೆ ಚೌಕಾಕಾರವಾಗಿ ಕತ್ತರಿಸಿ ಇಡುವುದೇ ಸರಿ. ಭಾರತ 2006ರಲ್ಲಿ ಹೊರಡಿಸಿದ ಶ್ರೀಗಂಧದ ಪರಿಮಳದ ಚೀಟಿಯಂಥವನ್ನು ನೀರಿಗೆ ಹಾಕಲೇಬಾರದು.

ನಮ್ಮ ಮಳೆಗಾಲದಲ್ಲಿ ಚೀಟಿಗಳನ್ನು ಕಾಪಾಡುವುದು ಹೇಗೆ?

ಸಂಗ್ರಹದ ಪುಸ್ತಕಗಳಲ್ಲಿ ಬರೆದಿರುವ ಸಲಹೆಗಳಲ್ಲಿ ಹಲವು ತಣ್ಣಗಿನ, ಒಣ ಹವೆಯ ದೇಶಗಳಿಗೆ ಹೊಂದುವಂಥವು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ಮನೆಗಳಲ್ಲಿ ಎರಡು ತೊಂದರೆಗಳಿವೆ. ಬಳಸದ ಚೀಟಿಗಳ ಹಿಂಬದಿಯ ಅಂಟು ಪಸೆಗೊಂಡು ಆಲ್ಬಮ್ಮಿಗೇ ಅಂಟಿಕೊಳ್ಳುವುದು ಒಂದು. ಕಾಗದದ ಮೇಲೆ ಕಂದು ಚುಕ್ಕೆಗಳಾಗಿ ಬೂಸು ಹಿಡಿಯುವುದು ಇನ್ನೊಂದು. ಚುಕ್ಕೆ ಬಿದ್ದ ಚೀಟಿಯನ್ನು ಕೂಡಲೇ ಬೇರ್ಪಡಿಸಬೇಕು, ಅದು ಪಕ್ಕದ್ದಕ್ಕೂ ಹರಡುತ್ತದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ಆಟಿ ತಿಂಗಳು (ತುಳುನಾಡಿನ ಪಂಚಾಂಗದಲ್ಲಿ ಆಗಸ್ಟ್ ನಡುವಿನವರೆಗೆ) ಮುಗಿಯುವವರೆಗೆ ಬಳಸದ ಚೀಟಿಗಳ ಪುಸ್ತಕವನ್ನು ತೆರೆಯುವುದೇ ಇಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಪುಸ್ತಕಗಳನ್ನು ನೇರವಾಗಿ ನಿಲ್ಲಿಸಿ ಇಡುತ್ತೇನೆ; ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಅಂಟಿಕೊಳ್ಳುತ್ತವೆ. ಹೊರಗೋಡೆಗೆ ತಾಗಿದ ಕಬ್ಬಿಣದ ಕಪಾಟಿಗಿಂತ ಒಳಕೋಣೆಯ ಮರದ ಕಪಾಟು ಮೇಲು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಪಸೆ ಇರುವುದಿಲ್ಲವೆಂದು ಹಿರಿಯರು ಅಲ್ಲಿ ಕಾಗದಪತ್ರ ಇಡುತ್ತಿದ್ದರು, ಆದರೆ ಹೊಗೆಯಿಂದ ಕಾಗದ ಹಳದಿಯಾಗುತ್ತದೆ. ನುಸಿಗುಳಿಗೆಯನ್ನು ಚೀಟಿಗಳಿಗೆ ತಾಗುವಂತೆ ಹಾಕಬೇಡಿ. ಗಾಳಿ ಒಣಗುವ ಡಿಸೆಂಬರಿನಲ್ಲಿ, ಅಂಗಳದಲ್ಲಿ ಅಡಿಕೆ ಒಣಗುತ್ತಿರುವ ದಿನಗಳಲ್ಲಿ, ಪುಸ್ತಕಗಳನ್ನು ಜಗಲಿಯ ನೆರಳಿನಲ್ಲಿ ಅರ್ಧ ದಿನ ಬಿಡಿಸಿಟ್ಟರೆ ವರ್ಷಕ್ಕೆ ಸಾಕು. ಬಿಸಿಲು ಮಾತ್ರ ತಾಗಬಾರದು, ಬಣ್ಣ ಹೋಗುತ್ತದೆ.

ಚೀಟಿಯನ್ನು ಯಾವಾಗಲೂ ಚಪ್ಪಟೆ ತುದಿಯ ಚಿಮಟದಿಂದಲೇ ಎತ್ತಬೇಕು. ಬೆರಳಿನ ಬೆವರು ಆಗ ಕಾಣದಿದ್ದರೂ ಎರಡು ಮಳೆಗಾಲ ಕಳೆದ ಮೇಲೆ ಕಲೆಯಾಗಿ ಕಾಣಿಸುತ್ತದೆ.

ಕಾಸರಗೋಡು ಈಗ ಕೇರಳದಲ್ಲಿದೆ. ಇಲ್ಲಿಯ ಹಳೆಯ ಪತ್ರಗಳಲ್ಲಿ ತಿರುವಾಂಕೂರಿನ ಅಂಚಲ್ (ಆ ಸಂಸ್ಥಾನದ ಸ್ವಂತ ಅಂಚೆ) ಚೀಟಿಗಳು ಸಿಗಬಹುದೇ?

ನಮ್ಮ ಊರುಗಳಲ್ಲಿ ಅಂಟಿಸಿದ ಚೀಟಿಗಳಾಗಿ ಸಿಗುವುದಿಲ್ಲ. ತಿರುವಾಂಕೂರು 1888ರಲ್ಲಿ, ಕೊಚ್ಚಿ 1892ರಲ್ಲಿ ಸ್ವಂತ ಚೀಟಿಗಳನ್ನು ಹೊರಡಿಸಿದವು. ತಿರುವಾಂಕೂರಿನ ಶಂಖದ ಚೀಟಿ ನೋಡಲು ಬಹಳ ಅಂದ. ಆ ಅಂಚಲ್ ವ್ಯವಸ್ಥೆ 1951ರಲ್ಲಿ ಭಾರತೀಯ ಅಂಚೆಯಲ್ಲಿ ಸೇರಿತು. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು, 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಹಾಗಾಗಿ ಇಲ್ಲಿಯ ಹಳೆಯ ಪತ್ರಗಳಲ್ಲಿ ಬ್ರಿಟಿಷ್ ಭಾರತದ ಚೀಟಿಗಳೂ, ವಿಳಾಸದಲ್ಲಿ ದಕ್ಷಿಣ ಕನ್ನಡವೆಂಬ ಜಿಲ್ಲೆಯ ಹೆಸರೂ ಇರುತ್ತವೆ. 1956ರ ಮೊದಲಿನ ಮತ್ತು ನಂತರದ ಲಕೋಟೆಗಳನ್ನು ಅಕ್ಕಪಕ್ಕ ಇಟ್ಟರೆ ಅದೇ ಮನೆ, ಅದೇ ಊರು, ಜಿಲ್ಲೆ ಮತ್ತು ರಾಜ್ಯ ಮಾತ್ರ ಬೇರೆ. ನಮ್ಮ ಪ್ರದೇಶದ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಬೇರೆ ಸಿಕ್ಕಿಲ್ಲ. ಅಂಚಲ್ ಎಂಬ ಹೆಸರಿಗೂ ನಮ್ಮ ಅಂಚೆ ಎಂಬ ಮಾತಿಗೂ ನಂಟಿದೆ. ಮೈಸೂರು ಸಂಸ್ಥಾನದ ಅಂಚೆ 1889ರವರೆಗೆ ಪ್ರತ್ಯೇಕವಾಗಿಯೇ ನಡೆದಿತ್ತು.

ನನ್ನ ಹಳೆಯ ಚೀಟಿಗೆ ಲಕ್ಷಗಟ್ಟಲೆ ಬೆಲೆ ಬರುವುದೇ?

ಬರುವ ಸಾಧ್ಯತೆ ತೀರ ಕಡಿಮೆ. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಸ್ಥಿತಿ ಹೇಗಿದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಕೆನ್ನೇರಳೆ ಚೀಟಿ ಜಗತ್ತಿನಲ್ಲಿ ಒಂದೇ ಒಂದು ಉಳಿದಿರುವುದರಿಂದ 2021ರಲ್ಲಿ ಸುಮಾರು 83 ಲಕ್ಷ ಡಾಲರಿಗೆ ಮಾರಾಟವಾಯಿತು. 1923ರಲ್ಲಿ ಹಣದುಬ್ಬರದಿಂದ ಜರ್ಮನಿ 5,000 ಕೋಟಿ ಮಾರ್ಕಿನವರೆಗೆ ಮುಖಬೆಲೆಯ ಚೀಟಿಗಳನ್ನು ಅಚ್ಚುಹಾಕಿತು. ಆ ಕಾಲದ ಚೀಟಿಗಳಲ್ಲಿ ಎಷ್ಟೋ ಇಂದಿಗೂ ಕೆಲವೇ ರೂಪಾಯಿಗಳಿಗೆ ಸಿಗುತ್ತವೆ.

ನಮ್ಮ ದೇಶದ್ದರಲ್ಲಿ ಹೆಚ್ಚು ವಿಚಾರಿಸುವುದು 1948ರ ಆಗಸ್ಟ್ 15ರಂದು ಹೊರಟ ಗಾಂಧೀಜಿಯವರ ನಾಲ್ಕು ಚೀಟಿಗಳ ಬಗ್ಗೆ. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿಗಳ ಆ ಚೀಟಿಗಳು ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದವು. ಸಣ್ಣ ಬೆಲೆಯವು ಧಾರಾಳವಾಗಿ ಸಿಗುತ್ತವೆ. ಹತ್ತು ರೂಪಾಯಿಯದಕ್ಕೆ ಒಳ್ಳೆಯ ಬೆಲೆಯಿದೆ, ಅದಕ್ಕೇ ನಕಲಿಗಳೂ ಹೆಚ್ಚು. ಅನುಭವಿಗಳಿಗೆ ತೋರಿಸದೆ ಕೊಳ್ಳಲೂ ಬೇಡಿ, ಮಾರಲೂ ಬೇಡಿ.

ಠಸ್ಸೆ ಇದೆ, ಹಿಂಬದಿಯ ಅಂಟೂ ಹಾಗೆಯೇ ಇದೆ. ಇದು ಬಳಸಿದ ಚೀಟಿಯೇ?

ಅಲ್ಲ. ಅಚ್ಚಾದ ಹಾಳೆಗಳಿಗೆ ಮೂಲೆಯಲ್ಲಿ ಅಚ್ಚುಕಟ್ಟಾಗಿ ಠಸ್ಸೆ ಹಾಕಿ ಸಂಗ್ರಾಹಕರಿಗೆಂದೇ ಮಾರಿದ ಚೀಟಿ ಅದು. ಪೂರ್ವ ಯುರೋಪಿನ ದೇಶಗಳೂ ಮೇಲೆ ಹೇಳಿದ ಕೊಲ್ಲಿಯ ಸಂಸ್ಥಾನಗಳೂ ಇದನ್ನು ಬಹಳ ಮಾಡಿದವು. ಮಕ್ಕಳ ಆಲ್ಬಮ್ಮಿಗೆ ಅದು ತಕ್ಕದ್ದೇ, ಆದರೆ ಯಾವ ಪತ್ರವನ್ನೂ ಸಾಗಿಸಿದ ಚೀಟಿಯಲ್ಲ.

ಭಾರತದ ಹೊಸ ಚೀಟಿಗಳನ್ನು ತಪ್ಪದೆ ಪಡೆಯುವುದು ಹೇಗೆ? ವಿದ್ಯಾರ್ಥಿಗಳಿಗೆ ಪ್ರೋತ್ಸಾಹವಿದೆಯೇ?

ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಸೌಲಭ್ಯವಿರುವ ಅಂಚೆ ಕಚೇರಿಯಲ್ಲಿ ಕನಿಷ್ಠ 200 ರೂಪಾಯಿ ಇಟ್ಟು ಫಿಲಾಟೆಲಿ ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳೂ ಅವು ಹೊರಟ ದಿನದ ಠಸ್ಸೆಯಿರುವ ಪ್ರಥಮ ದಿನದ ಲಕೋಟೆಗಳೂ ಮನೆಗೆ ಬರುತ್ತವೆ. ಆರರಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗಾಗಿ ಅಂಚೆ ಇಲಾಖೆ 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಯೋಜನೆಯನ್ನು ಆರಂಭಿಸಿದೆ. ಆಯ್ಕೆಯಾದವರಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ. ಶಾಲೆಯಲ್ಲಿ ಫಿಲಾಟೆಲಿ ಸಂಘವಿದ್ದು ಮಗು ಅದರ ಸದಸ್ಯನಾಗಿರಬೇಕು, ಇಲ್ಲವೇ ಮಗುವಿನ ಹೆಸರಿನಲ್ಲಿ ಈ ಖಾತೆಯಿರಬೇಕು. ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಅಧ್ಯಾಪಕರು ಇದನ್ನು ದಯವಿಟ್ಟು ಗಮನಿಸಬೇಕು. ಹತ್ತು ಮಕ್ಕಳು ಸೇರಿದರೂ ಒಂದು ಸಂಘ ಕಟ್ಟಲು ಕಷ್ಟವಿಲ್ಲ.

ಹೊರದೇಶದ ಸಂಗ್ರಾಹಕರೊಡನೆ ವಿನಿಮಯ ಮಾಡುವಾಗ ಏನನ್ನು ಗಮನಿಸಬೇಕು?

ಮೊದಲ ಸಲ ಹತ್ತು ಹದಿನೈದು ಸಾಧಾರಣ ಚೀಟಿಗಳನ್ನು ಕಳುಹಿಸಿ, ಉತ್ತರ ಬಂದ ಮೇಲೆ ಮುಂದುವರಿಯಿರಿ. ಚೀಟಿಗಳನ್ನು ಬೆಣ್ಣೆಕಾಗದದಂಥ ನುಣುಪು ಕಾಗದದಲ್ಲಿ ಮಡಚಿ, ಎರಡು ರಟ್ಟುಗಳ ನಡುವೆ ಇಟ್ಟು, ಅಂಟುಪಟ್ಟಿ ಚೀಟಿಗೆ ತಾಗದಂತೆ ಕಟ್ಟಿ. ಯಾವ ದೇಶದ ಎಷ್ಟು ಚೀಟಿಗಳೆಂದು ಪಟ್ಟಿ ಬರೆದು ಅದರ ಪ್ರತಿಯೊಂದನ್ನು ನಿಮ್ಮಲ್ಲಿಯೂ ಇಟ್ಟುಕೊಳ್ಳಿ. ಲಕೋಟೆಗೆ ಒಂದೇ ದೊಡ್ಡ ಬೆಲೆಯ ಚೀಟಿಯ ಬದಲು ಬೇರೆ ಬೇರೆ ಸ್ಮರಣಾರ್ಥ ಚೀಟಿಗಳನ್ನು ಹೊಂದಿಸಿ ಅಂಟಿಸಿದರೆ ಪಡೆಯುವವರಿಗೆ ಲಕೋಟೆಯೇ ಒಂದು ಉಡುಗೊರೆ. ಅಂಚೆ ಪೆಟ್ಟಿಗೆಗೆ ಹಾಕದೆ ಕೌಂಟರಿಗೇ ಒಯ್ದು, ಪೆನ್ನಿನಿಂದ ಗೀಚದೆ ಠಸ್ಸೆಯನ್ನು ನಿಚ್ಚಳವಾಗಿ ಹಾಕಿಕೊಡಬೇಕೆಂದು ಕೇಳಿಕೊಳ್ಳಿ. ನಮ್ಮ ಊರಿನ ಅಂಚೆಯವರು ನನ್ನ ಈ ಬೇಡಿಕೆಗೆ ಇದುವರೆಗೆ ಇಲ್ಲವೆಂದಿಲ್ಲ. ಠಸ್ಸೆಯನ್ನು ಮೊದಲು ಒಂದು ಹಳೆಯ ಕಾಗದದ ಮೇಲೆ ಒತ್ತಿ ನೋಡಿ, ಆಮೇಲೆ ಲಕೋಟೆಯ ಮೇಲೆ ಊರಿನ ಹೆಸರೂ ತಾರೀಕೂ ಓದುವಂತೆ ಒತ್ತುತ್ತಾರೆ.